ಅರ್ಧ ಇಂಚಿನ ಲೆಕ್ಕ

ಕತ್ತಲಗೆರೆಯಲ್ಲಿ ರೂಟರ್ ಅಂದರೆ ಇಂಟರ್ನೆಟ್ ಬರುವ ಡಬ್ಬಿ. ಹಾಗಾಗಿ ನನ್ನ ಹೆಸರಿಗೆ ‘ರೂಟರ್ ಬಿಟ್’ ಎಂದು ಬರೆದಿದ್ದ ಪುಟ್ಟ ಪೊಟ್ಟಣ ಬಂದಾಗ, ತಂದುಕೊಟ್ಟ ಹುಡುಗ “ಅಣ್ಣಾ, ನಿಮ್ಮನೇಲಿ ನೆಟ್ ಎಷ್ಟು ಸ್ಪೀಡ್ ಬರುತ್ತೆ?” ಎಂದು ಕೇಳಿದ. “ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು” ಎಂದೆ. ಅವನು ನನ್ನ ಮುಖವನ್ನೊಮ್ಮೆ ನೋಡಿ ಬೈಕು ತಿರುಗಿಸಿಕೊಂಡು ಹೋದ. ಜಗಲಿಯ ಮೇಲೆ ಕೂತಿದ್ದ ಅಪ್ಪ ನಕ್ಕ. ಹದಿನೈದು ದಿನಗಳ ನಂತರ ಅಪ್ಪ ನಕ್ಕಿದ್ದು ಅವತ್ತೇ.

ಆ ಹದಿನೈದು ದಿನಗಳ ಕಥೆಯನ್ನು ಹೇಳಬೇಕು.

ನಮ್ಮದು ಬಡಗಿಗಳ ಮನೆ. ಅಜ್ಜನ ಕಾಲಕ್ಕೆ ಚನ್ನಗಿರಿ ತಾಲೂಕು ಶಿವಮೊಗ್ಗ ಜಿಲ್ಲೆಯಲ್ಲಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಅಜ್ಜ ಇರಲಿಲ್ಲ. ಅಜ್ಜ ಆಯಗಾರ. ವರ್ಷವಿಡೀ ಊರಿನವರ ನೇಗಿಲು, ನೊಗ, ಕುಂಟೆ, ಕೂರಿಗೆ ಮಾಡಿಕೊಡುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳು ತರುವುದು. ಅಪ್ಪನ ಕಾಲಕ್ಕೆ ಭದ್ರಾ ನಾಲೆಯ ನೀರು, ಅದರ ಹಿಂದೆ ಟ್ರ್ಯಾಕ್ಟರು, ಆಮೇಲೆ ಅಡಿಕೆ ತೋಟ ಬಂದವು. ನೇಗಿಲು ಅಟ್ಟ ಸೇರಿತು. ಅಪ್ಪ ಬಾಗಿಲು, ಕಿಟಕಿ, ದೇವರ ಮಂಟಪಗಳ ಕೆಲಸ ಹಿಡಿದ. ನನ್ನ ಕಾಲಕ್ಕೆ ಅದೂ ಕಡಿಮೆಯಾಗಿ ನಾನು ಬೆಂಗಳೂರಿಗೆ ಹೋದೆ. ಅಲ್ಲಿ ಒಂದು ವರ್ಕ್‌ಶಾಪಿನಲ್ಲಿ ಅಡುಗೆಮನೆಯ ಕಪಾಟು ಮಾಡುವ ಕೆಲಸ. ಹತ್ತು ವರ್ಷ ಪ್ಲೈವುಡ್ ಕೊಯ್ದೆ, ಲ್ಯಾಮಿನೇಟ್ ಅಂಟಿಸಿದೆ, ಅದರ ಅಂಚು ಸವರಲು ಚಿಕ್ಕ ರೂಟರ್ ಓಡಿಸಿದೆ. ಮರ ಮುಟ್ಟಿದ್ದು ಕಡಿಮೆ. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವನು ಮತ್ತೆ ಹೋಗಲಿಲ್ಲ. ಬರುವಾಗ ಆ ಚಿಕ್ಕ ರೂಟರ್ ಕೂಡ ಬಂತು.

ಅಷ್ಟು ಹೊತ್ತಿಗೆ ಅಪ್ಪನ ಬಲಗೈ ನಡುಗಲು ಶುರುವಾಗಿತ್ತು. ಉಳಿ ಹಿಡಿದರೆ ಗೆರೆಯ ಮೇಲೆ ನಿಲ್ಲುತ್ತಿರಲಿಲ್ಲ. ಬಂದ ಕೆಲಸಗಳನ್ನು “ಆಗಲ್ಲಪ್ಪ, ಕಣ್ಣು ಸಾಲಲ್ಲ” ಎಂದು ವಾಪಸು ಕಳಿಸುತ್ತಿದ್ದ. ಕಣ್ಣಿನ ಮೇಲೆ ಹಾಕುತ್ತಿದ್ದನೇ ಹೊರತು ಕೈಯ ಮಾತು ಎತ್ತುತ್ತಿರಲಿಲ್ಲ. ಆದರೆ ಗೌಡರು ಬಂದು ಕೇಳಿದಾಗ ಮಾತ್ರ ಆಗಲ್ಲ ಅನ್ನಲಾಗಲಿಲ್ಲ.

ಗೌಡರು ಹಳೆಯ ತೊಟ್ಟಿಮನೆಯನ್ನು ಕೆಡವಿಸಿ ಆರ್‌ಸಿಸಿ ಮನೆ ಕಟ್ಟಿಸುತ್ತಿದ್ದರು. ತಲೆಬಾಗಿಲ ಕದ ಮಾತ್ರ ಹಳೆಯದೇ ಬೇಕು ಎಂದು ಅವರ ತಾಯಿ ಹಟ ಹಿಡಿದಿದ್ದರು. ಆ ಕದ ಮಾಡಿದ್ದು ನಮ್ಮ ಅಜ್ಜ. “ಆಚಾರ್ರೇ, ನಿಮ್ಮಪ್ಪ ಮಾಡಿದ್ದು, ನೀವೇ ಸರಿ ಮಾಡ್ಬೇಕು. ಗೃಹಪ್ರವೇಶದ ದಿನ ಅಮ್ಮ ಅದೇ ಬಾಗಿಲಿಂದ ಒಳಗೆ ಹೋಗ್ಬೇಕಂತೆ” ಎಂದರು. ಅಪ್ಪ ನನ್ನ ಕಡೆ ನೋಡಿದ. ನಾನು ತಲೆಯಾಡಿಸಿದೆ. ನನ್ನ ಹತ್ತಿರ ಮೆಷಿನ್ ಇದೆಯಲ್ಲ ಎಂಬ ಧೈರ್ಯ.

ಕದ ಬಿಚ್ಚಿ ನೋಡಿದೆವು. ತೇಗದ ಮರ, ಒಂದೂವರೆ ಇಂಚು ದಪ್ಪ. ಎರಡು ನಿಲುಪಟ್ಟಿ, ಮೂರು ಅಡ್ಡಪಟ್ಟಿ, ನಡುವೆ ಹಲಗೆಗಳು. ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ತೆಳ್ಳಗೆ ಕೆತ್ತಿ, ನಿಲುಪಟ್ಟಿಯಲ್ಲಿ ಕೊರೆದ ಉದ್ದನೆಯ ತೂತಿನೊಳಗೆ ತೂರಿಸಿ, ಆಚೆ ಕಡೆಯಿಂದ ಬೆಣೆ ಹೊಡೆದಿದ್ದ ಅಜ್ಜ. ಒಳಗಡೆ, ಸಂದು ಕೂಡುವ ಜಾಗದಲ್ಲಿ, ಯಾವ ತುಂಡು ಯಾವುದಕ್ಕೆ ಎಂದು ಗೊತ್ತಾಗಲು ಉಳಿಯಲ್ಲಿ ಹೊಡೆದ ಗುರುತುಗಳಿದ್ದವು. ಒಂದು ಗೀಟು, ಎರಡು ಗೀಟು, ಮೂರು ಗೀಟು. ಅಪ್ಪ ಅದರ ಮೇಲೆ ಬೆರಳಾಡಿಸಿದ.

ತೊಂದರೆ ಏನೆಂದರೆ ಆ ನಾಲಗೆಗಳಲ್ಲಿ ಒಂದೂ ಉಳಿದಿರಲಿಲ್ಲ. ಗೋಡೆಯ ತೇವಕ್ಕೆ ಕೆಲವು ಲಡ್ಡಾಗಿದ್ದವು, ಕೆಲವನ್ನು ಗೆದ್ದಲು ತಿಂದಿತ್ತು. ಒಂದು ನಿಲುಪಟ್ಟಿಯೂ ಬುಡದಲ್ಲಿ ಹೋಗಿತ್ತು. ಉಳಿದ ಮರ ಗಟ್ಟಿಯಾಗಿತ್ತು. ಕೆಟ್ಟ ನಾಲಗೆಗಳನ್ನು ಕತ್ತರಿಸಿ ತೆಗೆಯಬಹುದು. ಆದರೆ ಅಡ್ಡಪಟ್ಟಿಯಲ್ಲೇ ಹೊಸ ನಾಲಗೆ ಕೆತ್ತಲು ಹೋದರೆ ಎರಡೂ ಕಡೆ ಎರಡೆರಡು ಇಂಚು ಮರ ತಿನ್ನುತ್ತದೆ, ಕದ ನಾಲ್ಕು ಇಂಚು ಕಿರಿದಾಗುತ್ತದೆ.

ಇದಕ್ಕೊಂದು ಉಪಾಯವಿದೆ. ಎರಡೂ ತುಂಡುಗಳಲ್ಲಿ ತೂತು ಕೊರೆದು, ಬೇರೆ ಮರದಲ್ಲಿ ಬಿಡಿಯಾಗಿ ಮಾಡಿದ ನಾಲಗೆಯನ್ನು ನಡುವೆ ಕೂರಿಸುವುದು. ಅರ್ಧ ಅಡ್ಡಪಟ್ಟಿಯೊಳಗೆ, ಅರ್ಧ ನಿಲುಪಟ್ಟಿಯೊಳಗೆ. ಅಪ್ಪನಿಗೆ ಇದು ಗೊತ್ತಿತ್ತು, ಇಷ್ಟವಿರಲಿಲ್ಲ. “ಅದು ಹಲ್ಲು ಕಟ್ಟಿಸ್ಕೊಂಡಂಗೆ ಕಣೋ” ಎಂದ. ನಾನು, “ಹಲ್ಲು ಕಟ್ಟಿಸ್ಕೊಂಡೋರು ಚಕ್ಕುಲಿ ತಿಂತಾರಲ್ಲಪ್ಪ” ಎಂದೆ. ಒಪ್ಪಿದ.

ಇಲ್ಲಿಂದ ಅಳತೆಯ ಕಥೆ. ಕೂಡಿಸುವ ಮರದ ದಪ್ಪವನ್ನು ಮೂರು ಪಾಲು ಮಾಡಿ ನಡುವಿನ ಒಂದು ಪಾಲಿನಷ್ಟು ಅಗಲದ ತೂತು ಕೊರೆಯುವುದು ಬಡಗಿಗಳ ಹಳೆಯ ಲೆಕ್ಕ. ಒಂದೂವರೆ ಇಂಚಿಗೆ ಅರ್ಧ ಇಂಚು. ಅಜ್ಜ ಕೊರೆದಿದ್ದೂ ಅಷ್ಟೇ. ಇಂಚಿಗೆ ಎಂಟು ನೂಲು, ಅರ್ಧ ಇಂಚಿಗೆ ನಾಲ್ಕು ನೂಲು. ಆ ನಾಲ್ಕು ನೂಲಿನ ಉಳಿ ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ. ಹಳೆಯ ತೂತಿಗೆ ಇಟ್ಟರೆ ಹೇಳಿ ಮಾಡಿಸಿದಂತೆ ಕೂರುತ್ತದೆ.

ನನ್ನ ಹತ್ತಿರ ಇದ್ದದ್ದು ಹನ್ನೆರಡು ಬಿಟ್‌ಗಳ ಒಂದು ಅಗ್ಗದ ಪೆಟ್ಟಿಗೆ. ಅದರಲ್ಲಿ ದೊಡ್ಡ ನೇರ ಬಿಟ್ 12 ಮಿಲಿಮೀಟರಿನದು. ಅರ್ಧ ಇಂಚು ಅಂದರೆ 12.7. ವ್ಯತ್ಯಾಸ 0.7 ಮಿಲಿಮೀಟರು, ಎರಡು ಲಗ್ನಪತ್ರಿಕೆ ಜೋಡಿಸಿದಷ್ಟು. ಕಪಾಟಿನ ಕೆಲಸದಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಸಂದಿನಲ್ಲಿ ಹಾಗಲ್ಲ. ನಾಲಗೆ ಕೈಯಲ್ಲಿ ಒತ್ತಿದರೆ ಹೋಗಬೇಕು, ತಲೆಕೆಳಗು ಹಿಡಿದರೆ ಬೀಳಬಾರದು. ಅಷ್ಟು ಬಿಗಿ ಇದ್ದರೆ ಅಂಟು ಹಿಡಿಯುತ್ತದೆ, ಇಲ್ಲದಿದ್ದರೆ ಬರೀ ತುಂಬಿಕೊಳ್ಳುತ್ತದೆ.

ನಾನು ಜಾಣತನ ಮಾಡಿದೆ. ಹಳೆಯ ನಿಲುಪಟ್ಟಿಯ ಕಡೆ ಅಜ್ಜನ ಅಳತೆ ಇರಲಿ, ಹೊಸ ನಿಲುಪಟ್ಟಿಯ ಕಡೆ ಎಲ್ಲವೂ ಹೊಸ ತೂತು ತಾನೆ, ಅಲ್ಲಿ 12 ಮಿಲಿಮೀಟರೇ ಆಗಲಿ ಎಂದೆ. ಅಪ್ಪ, “ಒಂದೇ ಕದಕ್ಕೆ ಎರಡು ಅಳತೆಯಾ?” ಎಂದು ಕೇಳಿ ಸುಮ್ಮನಾದ.

ಹೊಸ ನಿಲುಪಟ್ಟಿಗೆ ಅದೇ ತೊಟ್ಟಿಮನೆಯ ತೊಲೆಯಿಂದ ಮರ ಕೊಯ್ಸಿದ್ದೆವು. ಅಷ್ಟು ಉದ್ದದ, ಗಂಟಿಲ್ಲದ ತುಂಡು ಅದರಲ್ಲಿ ಸಿಕ್ಕಿದ್ದು ಒಂದೇ. ಅದನ್ನು ಅಂಚಿನ ಮೇಲೆ ನಿಲ್ಲಿಸಿ ಮೊದಲ ತೂತು ಶುರು ಮಾಡಿದೆ. ಎರಡು ಸಲ ಬಿಟ್ ಇಳಿಸಿ ಓಡಿಸುವವರೆಗೆ ಸರಿಯಾಗಿತ್ತು. ಮೂರನೇ ಸಲ ಮೆಷಿನ್ನಿನ ಸದ್ದು ಬದಲಾಯಿತು. ಸುಟ್ಟ ವಾಸನೆ ಬಂತು. ನಾನು ನಿಲ್ಲಿಸುವ ಬದಲು ಒತ್ತಿದೆ. ರೂಟರ್ ಎಗರಿ ಪಕ್ಕಕ್ಕೆ ವಾಲಿತು. ಆಫ್ ಮಾಡಿ ನೋಡಿದರೆ ತೂತಿನ ಗೋಡೆ ಒಡೆದು, ಕದದ ಹೊರಮುಖದಲ್ಲಿ ಹೆಬ್ಬೆರಳಿನಷ್ಟು ಕಿಂಡಿ.

ಏನಾಗಿತ್ತೆಂದರೆ, ನನ್ನ ಮೆಷಿನ್ನಿನ ಹಿಡಿಕೆ ಕಾಲು ಇಂಚಿನದು, ಅಂದರೆ 6.35 ಮಿಲಿಮೀಟರು. ಆ ಪೆಟ್ಟಿಗೆಯ ಬಿಟ್‌ಗಳ ಕಾಲು 6 ಮಿಲಿಮೀಟರಿನದು. ಹಾಕಿ ತಿರುಗಿಸಿದರೆ ಬಿಗಿಯಾದಂತೆಯೇ ಅನ್ನಿಸುತ್ತದೆ. ಲ್ಯಾಮಿನೇಟಿನ ಅಂಚು ಸವರುವಾಗ ಹೊರೆಯೇ ಇಲ್ಲದ್ದರಿಂದ ವರ್ಷಗಟ್ಟಲೆ ಏನೂ ಆಗಿರಲಿಲ್ಲ. ಗಟ್ಟಿ ತೇಗದಲ್ಲಿ ಹೊರೆ ಬಿದ್ದಾಗ ಬಿಟ್ ಹಿಡಿತದಿಂದ ಸ್ವಲ್ಪ ಸ್ವಲ್ಪವೇ ಜಾರಿ ಕೆಳಗಿಳಿದಿದೆ. ಇಳಿದಷ್ಟೂ ಹೆಚ್ಚು ಕಚ್ಚಿದೆ. ಒಂದೂವರೆ ಇಂಚಿನ ಅಂಚಿನ ಮೇಲೆ ಕೂತ ಮೆಷಿನ್ನಿಗೆ ವಾಲಲು ಅಷ್ಟು ಸಾಕು. 1956ರಲ್ಲೇ ದೇಶಕ್ಕೆ ಮೆಟ್ರಿಕ್ ಅಳತೆಯ ಕಾನೂನು ಬಂತು. ಆದರೆ ಮರದಂಗಡಿಯಲ್ಲಿ ಇವತ್ತಿಗೂ ಘನ ಅಡಿಯ ಲೆಕ್ಕ, ಬಡಗಿಯ ಬಾಯಲ್ಲಿ ಇಂಚು, ನೂಲು, ಅಂಗಡಿಯ ಪೆಟ್ಟಿಗೆಯ ಮೇಲೆ ಮಿಲಿಮೀಟರು. ಈ ಎರಡು ಲೋಕಗಳ ನಡುವೆ 0.35 ಮಿಲಿಮೀಟರಿನ ಸಂದು ಇತ್ತು. ಅದನ್ನು ನೋಡಬೇಕಾದವನು ನಾನು, ನೋಡಿರಲಿಲ್ಲ.

ಅಪ್ಪ ಎದ್ದು ಬಂದ. ಮೊದಲು ನನ್ನ ಕೈ ನೋಡಿದ, ಆಮೇಲೆ ಮರ ನೋಡಿದ. ಬೈಯಲಿಲ್ಲ. “ಗೌಡ್ರಿಗೆ ಹೇಳಿ ಬಾ” ಎಂದ. “ತೇಪೆ ಹಾಕಿ ಪಾಲಿಶ್ ಹೊಡೆದ್ರೆ ಗೊತ್ತಾಗಲ್ಲಪ್ಪ” ಎಂದೆ. “ಗೊತ್ತಾಗಲ್ಲ ಅಂತಾನೇ ಹೇಳ್ಬೇಕು” ಎಂದು ಒಳಗೆ ಹೋದ.

ಕೃಷಿ ಸಂಶೋಧನಾ ಕೇಂದ್ರದ ಕಡೆಗೆ ಹೋಗುವ ದಾರಿಯಲ್ಲಿ ಎರಡು ಸಲ ಬೈಕು ನಿಲ್ಲಿಸಿದೆ. ಗೌಡರು ತೋಟದಲ್ಲಿದ್ದರು, ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ. “ಅದರಿಂದ ಮಳೆನೀರು ಒಳಕ್ಕೆ ಇಳಿಯುತ್ತಾ?” ಇಳಿಯದ ಹಾಗೆ ಮಾಡುತ್ತೇನೆ ಎಂದೆ. “ಹಂಗಾದ್ರೆ ಮಾಡು. ಅಮ್ಮಂಗೆ ನಾನು ಹೇಳ್ತೀನಿ” ಎಂದರು. ಸಮಾಧಾನದ ಮಾತು ಆಡಲಿಲ್ಲ, ಅದೇ ಒಳ್ಳೆಯದಾಯಿತು. ಮನೆಗೆ ಬಂದು ಹೇಳಿದಾಗ ಅಪ್ಪ “ಹೂಂ” ಎಂದ. ಅದಾದ ಮೇಲೆ ಹದಿನೈದು ದಿನ ಅಗತ್ಯಕ್ಕಿಂತ ಹೆಚ್ಚು ಮಾತಿಲ್ಲ.

ಆ ದಿನಗಳಲ್ಲಿ ನಾನು ಬಿಟ್‌ಗಳ ಬಗ್ಗೆ ಮೊದಲ ಸಲ ಸರಿಯಾಗಿ ಯೋಚಿಸಿದೆ. ಹತ್ತು ವರ್ಷ ಓಡಿಸಿದ್ದೆ, ಯೋಚಿಸಿರಲಿಲ್ಲ. ಯಾರಿಗಾದರೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಮೊದಲನೆಯದು ಕಾಲು. ಬಿಟ್‌ನ ಕಾಲು ಮತ್ತು ಮೆಷಿನ್ನಿನ ಹಿಡಿಕೆ ಒಂದೇ ಅಳತೆಯದಾಗಿರಬೇಕು. ಹತ್ತಿರದ ಅಳತೆ ಸಾಲದು. ಆಳದ ತೂತಿಗೆ ಅರ್ಧ ಇಂಚಿನ ದಪ್ಪ ಕಾಲೇ ಒಳ್ಳೆಯದು, ಸಣ್ಣ ಕಾಲು ಬಳುಕುತ್ತದೆ. ಕಾಲನ್ನು ಹಿಡಿಕೆಯೊಳಗೆ ಪೂರ್ತಿ ಇಳಿಸಿ, ಎರಡು ಮೂರು ಮಿಲಿಮೀಟರು ಹಿಂದಕ್ಕೆ ಎಳೆದು ಬಿಗಿ ಮಾಡಬೇಕು. ತಳಕ್ಕೆ ತಾಗಿದ್ದರೆ ಬಿಗಿ ಸರಿಯಾಗಿ ಕೂರುವುದಿಲ್ಲ.

ಎರಡನೆಯದು ಅಲಗು. ನೇರ ಅಲಗಿನ ಬಿಟ್ ಅಗ್ಗ. ಆದರೆ ಆಳಕ್ಕೆ ಹೋದಂತೆ ಹೊಟ್ಟು ತೂತಿನಲ್ಲೇ ಉಳಿಯುತ್ತದೆ, ಬಿಟ್ ಅದನ್ನೇ ಮತ್ತೆ ಮತ್ತೆ ಅರೆದು ಕಾಯುತ್ತದೆ. ಅವತ್ತು ಬಂದ ಸುಟ್ಟ ವಾಸನೆ ಅದೇ. ಕೆಲವು ನೇರ ಬಿಟ್‌ಗಳ ತಳದಲ್ಲಿ ಅಲಗು ನಡುವಿನವರೆಗೆ ಇರುವುದಿಲ್ಲ. ಅವನ್ನು ನೇರ ಕೆಳಕ್ಕೆ ಇಳಿಸಿದರೆ ಕೊರೆಯುವುದಿಲ್ಲ, ಉಜ್ಜುತ್ತವೆ. ಸುರುಳಿ ಅಲಗಿನವುಗಳಲ್ಲಿ ಎರಡು ಜಾತಿ. ಒಂದು ಹೊಟ್ಟನ್ನು ಕೆಳಕ್ಕೆ ತಳ್ಳುತ್ತದೆ. ಮೇಲಿನ ಅಂಚು ಚೆಂದ ಬರುತ್ತದೆ, ಪ್ಲೈವುಡ್ಡಿಗೆ ಸರಿ, ಕುರುಡು ತೂತಿಗೆ ಬೇಡ. ಇನ್ನೊಂದು ಹೊಟ್ಟನ್ನು ಮೇಲಕ್ಕೆ ಎತ್ತಿ ಹಾಕುತ್ತದೆ. ನಮಗೆ ಬೇಕಾದದ್ದು ಇದು. ಮೇಲಿನ ಅಂಚು ಸ್ವಲ್ಪ ಸಿಬಿರು ಏಳುತ್ತದೆ, ಆದರೆ ಆ ಅಂಚು ಅಡ್ಡಪಟ್ಟಿಯ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಒಂದು ಎಚ್ಚರಿಕೆ ಏನೆಂದರೆ, ಹೊಟ್ಟನ್ನು ಮೇಲಕ್ಕೆ ಎತ್ತುವ ಸುರುಳಿ ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುತ್ತದೆ. ಹಿಡಿತ ಸಡಿಲವಿದ್ದರೆ ನೇರ ಬಿಟ್‌ಗಿಂತ ಬೇಗ ಜಾರುತ್ತದೆ. ಹಾಗಾಗಿ ಮತ್ತೆ ಮೊದಲನೆಯ ಮಾತಿಗೇ ಬರಬೇಕು.

ಮೂರನೆಯದು ಲೋಹ. ತೇಗದ ಮರದೊಳಗೆ ಮರಳಿನ ಜಾತಿಯ ಸಿಲಿಕಾ ಇರುತ್ತದೆ, ಸಾಮಾನ್ಯ ಉಕ್ಕಿನ ಅಲಗು ಬೇಗ ಮೊಂಡಾಗುತ್ತದೆ. ಅಪ್ಪ ತೇಗದ ಕೆಲಸದ ದಿನ ಸಾಣೆಕಲ್ಲನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದುದು ಇದಕ್ಕೆ. ಬಿಟ್‌ನಲ್ಲಿ ಕಾರ್ಬೈಡ್ ಬೇಕು. ನಾಲ್ಕನೆಯದು ಉದ್ದ. ಎರಡು ಇಂಚು ಆಳಕ್ಕೆ ಎರಡು ಇಂಚಿನ ಅಲಗು ಸಾಕು, ಇನ್ನೂ ಉದ್ದದ್ದು ಇರಲಿ ಅನ್ನಬಾರದು. ಉದ್ದವಾದಷ್ಟೂ ಬಳುಕು ಹೆಚ್ಚು.

ಹೀಗೆಲ್ಲ ಲೆಕ್ಕ ಹಾಕಿ ತರಿಸಿದ್ದೇ ಆ ಪೊಟ್ಟಣ. ಅರ್ಧ ಇಂಚು ಅಲಗು, ಅರ್ಧ ಇಂಚು ಕಾಲು, ಹೊಟ್ಟು ಮೇಲೆತ್ತುವ ಸುರುಳಿ. ಬಿಲ್ಲು ನೋಡಿ ಅಪ್ಪ, “ಇಷ್ಟಕ್ಕೆ ಉಳಿಗಳ ಒಂದು ಪೂರಾ ಜೊತೆ ಬರುತ್ತಲ್ಲೋ” ಎಂದ. ಮಾತು ಶುರುವಾಯಿತಲ್ಲ ಎಂದು ನನಗೆ ಖುಷಿ. ಅದನ್ನು ಹಿಡಿಯುವ ದೊಡ್ಡ ರೂಟರನ್ನು ದಾವಣಗೆರೆಯಲ್ಲಿ ಬಾಗಿಲು ಮಾಡುವ ಗೆಳೆಯನಿಂದ ಎರವಲು ತಂದೆ.

ತೇಪೆಯ ಕೆಲಸ ಮೊದಲು. ಅಪ್ಪ ಕಿಂಡಿಯ ಸುತ್ತ ವೀಳ್ಯದೆಲೆಯ ಆಕಾರದಲ್ಲಿ ಗೆರೆ ಎಳೆಯಲು ಹೋದ. ಪೆನ್ಸಿಲು ನಡುಗಿತು. ಎರಡು ಸಲ ಒರೆಸಿದ. ಆಮೇಲೆ ನನ್ನ ಕಡೆ ನೀಡಿದ. “ಕೈ ಬರ್ತಿಲ್ಲ ಕಣೋ, ನೀನೇ ಎಳಿ” ಎಂದ. ಕಣ್ಣು ಸಾಲಲ್ಲ ಎನ್ನಲಿಲ್ಲ. ಅವನು ಹೇಳಿದಂತೆ ನಾನು ಎಳೆದೆ, ಅವನು ಹೇಳಿದಂತೆ ಅಜ್ಜನ ಉಳಿಯಲ್ಲಿ ಕೆತ್ತಿದೆ. “ಗೆರೆ ಮೇಲೆ ಇಡಬೇಡ, ಗೆರೆ ಒಳಗೆ ಇಡು. ಮರ ಇನ್ನೊಂದು ಸಲ ಕೇಳುತ್ತೆ, ಅವಾಗ ಕೊಡು.” ಅದೇ ತೊಲೆಯ ತುಂಡಿನಲ್ಲಿ, ಎಳೆ ಹೊಂದಿಸಿ, ಅಂಚನ್ನು ಸ್ವಲ್ಪ ಓರೆ ಮಾಡಿ, ಅಂಟು ಹಚ್ಚಿ ಬಡಿದು ಕೂರಿಸಿದೆ. ಬೆಳಗ್ಗೆ ಶುರು ಮಾಡಿದ್ದು ಸಂಜೆಯಾಯಿತು.

ತೂತುಗಳ ಕೆಲಸಕ್ಕೆ ಈ ಸಲ ನಿಲುಪಟ್ಟಿಯ ಎರಡೂ ಬದಿಗೆ ಸಮನಾಗಿ ದಪ್ಪ ಪಟ್ಟಿಗಳನ್ನು ಬಿಗಿದೆ, ಮೆಷಿನ್ನಿಗೆ ಕೂರಲು ಅಗಲ ಜಾಗವಾಯಿತು. ಶುರು ಮಾಡುವ ಮುಂಚೆ ಅಪ್ಪ ಕೇಳಿದ, “ಮೊದ್ಲು ತೂತು ಹೊಡ್ಕೊಳಲ್ವಾ?” ಅಜ್ಜ ಮೊದಲು ಬೈರಿಗೆಯಲ್ಲಿ ಸಾಲಾಗಿ ತೂತು ಹೊಡೆದು, ಉಳಿದದ್ದನ್ನು ಉಳಿಯಲ್ಲಿ ತೆಗೆಯುತ್ತಿದ್ದನಂತೆ. ಡ್ರಿಲ್ಲಿನಲ್ಲಿ ಹಾಗೆಯೇ ಮಾಡಿದೆ. ಬಿಟ್‌ಗೆ ಅರ್ಧಕ್ಕರ್ಧ ಹೊರೆ ಇಳಿಯಿತು. ಒಂದೊಂದು ಸಲಕ್ಕೆ ಮೂರು ಮಿಲಿಮೀಟರಿನಷ್ಟೇ ಇಳಿಸುತ್ತ ಹೋದೆ. ಹೊಟ್ಟು ಕಾರಂಜಿಯ ಹಾಗೆ ಮೇಲಕ್ಕೆ ಬಂತು. ಸುಟ್ಟ ವಾಸನೆ ಬರಲಿಲ್ಲ, ಬರೀ ತೇಗದ ವಾಸನೆ. ಪ್ರತಿ ತೂತಿನ ನಂತರ ಬಿಟ್ ಜಾರಿದೆಯೋ ಎಂದು ಅಳೆದು ನೋಡಿದೆ.

ಆರು ಬಿಡಿ ನಾಲಗೆಗಳು ಬೇಕಿದ್ದವು. ರೂಟರ್ ಕೊರೆದ ತೂತಿನ ತುದಿ ಗುಂಡಗೆ, ಉಳಿ ಕೊರೆದದ್ದು ಚೌಕ. ಹೊಸ ನಿಲುಪಟ್ಟಿಯ ಕಡೆಯ ಮೂರು ನಾಲಗೆಗಳ ಅಂಚನ್ನು ಉದ್ದಕ್ಕೂ ಕಾಲು ಇಂಚಿನ ತ್ರಿಜ್ಯದಲ್ಲಿ ಗುಂಡು ಮಾಡಿದೆ. ಹಳೆಯ ನಿಲುಪಟ್ಟಿಯ ಕಡೆ ಹಾಗೆ ಆಗುವುದಿಲ್ಲ. ಅಡ್ಡಪಟ್ಟಿಯಲ್ಲಿರುವುದು ನನ್ನ ಗುಂಡು ತೂತು, ನಿಲುಪಟ್ಟಿಯಲ್ಲಿರುವುದು ಅಜ್ಜನ ಚೌಕ ತೂತು. ಹಾಗಾಗಿ ಆ ಮೂರು ನಾಲಗೆಗಳು ಅರ್ಧ ಗುಂಡು, ಅರ್ಧ ಚೌಕ. ಅಪ್ಪ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಇಂಥದ್ದು ನಾನು ಮಾಡಿಲ್ಲ” ಎಂದ.

ಕೂಡಿಸುವಾಗ ಅವನು ಹೇಳಿದ ಇನ್ನೊಂದು ಮಾತು ಈಗಲೂ ನೆನಪಿದೆ. ಸಾಮಾನ್ಯ ನಾಲಗೆ ಅಡ್ಡಪಟ್ಟಿಯದೇ ಭಾಗ, ಆದ್ದರಿಂದ ಮರದ ಮೊಳೆ ಒಂದು ಕಡೆ ಹೊಡೆದರೆ ಸಾಕು. “ಇದು ಯಾರ ಮನೆಯದ್ದೂ ಅಲ್ಲ, ಎರಡು ಕಡೆನೂ ಬಿಟ್ಟು ಬರಬಹುದು. ಎರಡು ಕಡೆನೂ ಹೊಡಿ.” ನಾಲಗೆಯ ಮೊಳೆತೂತನ್ನು ಅರ್ಧ ನೂಲಿಗೂ ಕಡಿಮೆ ಸಂದಿನ ಕಡೆಗೆ ಸರಿಸಿ ಕೊರೆಯಬೇಕು. ಮೊಳೆ ಇಳಿದಂತೆ ಸಂದು ತಾನಾಗಿ ಬಿಗಿಯುತ್ತದೆ. ಮೊಳೆಗಳನ್ನು ಜಾಲಿಯಲ್ಲಿ ಮಾಡಿದೆವು.

ಆಮೇಲೆ ಓದುವಾಗ ಗೊತ್ತಾಯಿತು. 1982ರಲ್ಲಿ ಟರ್ಕಿಯ ಕಡಲಿನ ತಳದಲ್ಲಿ ಸ್ಪಂಜು ಹುಡುಕುವ ಮುಳುಗುಗಾರನೊಬ್ಬನಿಗೆ ಉಲುಬುರುನ್ ಎಂಬಲ್ಲಿ ಹಡಗೊಂದರ ಅವಶೇಷ ಕಂಡಿತು. ಸುಮಾರು 3,300 ವರ್ಷ ಹಳೆಯದು. ಅದರ ದೇವದಾರು ಹಲಗೆಗಳನ್ನು ಕೂಡಿಸಿದ್ದು ಓಕ್ ಮರದ ಬಿಡಿ ನಾಲಗೆಗಳಿಂದ. ಪ್ರತಿ ನಾಲಗೆಗೂ ಎರಡೂ ಹಲಗೆಯ ಕಡೆಯಿಂದ ಮರದ ಮೊಳೆ. ಅಪ್ಪನಿಗೆ ಫೋನಿನಲ್ಲಿ ಚಿತ್ರ ತೋರಿಸಿದೆ. ದೊಡ್ಡದು ಮಾಡಿ ನೋಡಿ, “ನೀರಲ್ಲಿ ನಿಂತೈತೆ ಅಂದ್ರೆ ಬಾಗಿಲಲ್ಲಿ ನಿಲ್ಲುತ್ತೆ ಬಿಡು” ಎಂದ. ಹಲ್ಲು ಕಟ್ಟಿಸಿಕೊಂಡ ಮಾತು ಮತ್ತೆ ಎತ್ತಲಿಲ್ಲ.

ಗೃಹಪ್ರವೇಶದ ದಿನ ಗೌಡರ ತಾಯಿ ಮೊಮ್ಮಗಳ ಕೈ ಹಿಡಿದು ಹೊಸ್ತಿಲ ಹತ್ತಿರ ಬಂದರು. ಒಳಗೆ ಹೋಗುವ ಮುಂಚೆ ಕದದ ಮೇಲೆ ಕೈಯಿಟ್ಟು ಸವರಿದರು. ತೇಪೆಯ ಹತ್ತಿರ ಬೆರಳು ನಿಂತಿತು. “ಈ ಎಲೆ ಮುಂಚೆ ಇರಲಿಲ್ಲ ಅಲ್ವಾ?” ಎಂದರು. ಮಗ ಹೇಳಿದ್ದರೋ ಮರೆತಿದ್ದರೋ ಗೊತ್ತಿಲ್ಲ. ನಾನು, “ಇಲ್ಲಮ್ಮ, ನನ್ನ ಕೈ ತಪ್ಪಿ ಒಡೀತು. ತೇಪೆ ಹಾಕಿದೀವಿ” ಎಂದೆ. ಅವರು “ಹಂಗಾ” ಎಂದು ಬಲಗಾಲಿಟ್ಟು ಒಳಗೆ ಹೋದರು.

ಆ ಮಳೆಗಾಲ ಕದ ಒಂದಿಷ್ಟು ಉಬ್ಬಿ ಚೌಕಟ್ಟಿಗೆ ತಾಗಿತು. ಹೋಗಿ ಅಂಚಿಗೆ ತೋಪಡ ಹೊಡೆದು ಬಂದೆ. ಸಂದುಗಳು ಕದಲಿರಲಿಲ್ಲ, ತೇಪೆಯ ಕಡೆಯಿಂದ ನೀರೂ ಇಳಿದಿರಲಿಲ್ಲ. ಅದನ್ನು ಗೌಡರಿಗೆ ತೋರಿಸಿ ಬಂದೆ.

ಮನೆಗೆ ಬಂದಾಗ ಅಪ್ಪ ಆ ಹನ್ನೆರಡು ಬಿಟ್‌ಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮುಚ್ಚಳದ ಮೇಲೆ ಏನೋ ಬರೆಯುತ್ತಿದ್ದ. ನಡುಗುವ ಅಕ್ಷರಗಳು, ಒಂದು ಸಾಲು ಮುಗಿಸಲು ಬಹಳ ಹೊತ್ತು ಹಿಡಿಯಿತು. ಬರೆದು ಮುಗಿಸಿ ಗೂಡಿನಲ್ಲಿ ಅಜ್ಜನ ಉಳಿಗಳ ಪಕ್ಕಕ್ಕಿಟ್ಟ. ಆಮೇಲೆ ಹೋಗಿ ನೋಡಿದೆ. “ಇದು 6. ಆ ಮಿಷಿನ್ನಿಗೆ ಹಾಕಬಾರದು” ಎಂದಿತ್ತು.